ಬಿಳಿಕಲ್ಲೂರಿನ ಬಿಸಿಲುಕೊಡ

ಬಿಳಿಕಲ್ಲೂರಿನಲ್ಲಿ ಬಿಸಿಲಿಗೆ ಎಂದೂ ಬರಗಾಲ ಬಂದದ್ದಿಲ್ಲ. ನೀರಿಗೆ ಬಂದಿದೆ, ಕರೆಂಟಿಗೆ ಬಂದಿದೆ, ಗ್ಯಾಸ್ ಸಿಲಿಂಡರಿಗಂತೂ ದೇಶಕ್ಕೆಲ್ಲ ಬಂದು ಏಳೆಂಟು ವರ್ಷಗಳಾದವು. ಬಿಸಿಲು ಮಾತ್ರ ಕರೆಯದೆ ಬರುವ ನೆಂಟನ ಹಾಗೆ ಮುಂಜಾನೆಯೇ ಬಂದು ಮಾಳಿಗೆಯ ಮೇಲೆ ಕೂತರೆ ಸಂಜೆಯ ತನಕ ಏಳುವುದಿಲ್ಲ. ಈ ನೆಂಟನನ್ನು ಒಂದು ಕೊಡದಲ್ಲಿ ಕೂಡಿಹಾಕಿ, ಬೇಕೆಂದಾಗ ಒಲೆಗೆ ಹಚ್ಚಿ ದುಡಿಸಿಕೊಂಡರೆ ಹೇಗೆ? ಹೀಗೊಂದು ಪ್ರಶ್ನೆಯನ್ನು ಪುರಸಭೆಯ ಸಾಮಾನ್ಯ ಸಭೆಯಲ್ಲಿ ಕೇಳಿದವಳು ಪರಿಸರ ಎಂಜಿನಿಯರ್ ಶಕುಂತಲಾ ಸುಣಗಾರ. ಅವತ್ತು ಸದಸ್ಯರೆಲ್ಲ ಚಹಾದ ಕಪ್ಪು ಕೆಳಗಿಟ್ಟು ನಕ್ಕಿದ್ದರು. ಈಗ ಅದೇ ಸದಸ್ಯರ ಮನೆಯ ಅನ್ನ ಸಾರು ಬೇಯುವುದು ಆ ಕೊಡದ ಮೇಲೆಯೇ.

ಕೊಡದೊಳಗೆ ಇರುವುದು ಸುಣ್ಣ. ಮಂತ್ರವಿಲ್ಲ, ತಂತ್ರವಿಲ್ಲ. ಸುಟ್ಟ ಸುಣ್ಣದ ಹರಳಿಗೆ ನೀರು ಬಿದ್ದರೆ ಅದು ಕೊತಕೊತ ಕುದಿಯುತ್ತದೆಂದು ದೀಪಾವಳಿಗೆ ಗೋಡೆ ಬಳಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಶಕುಂತಲೆಯ ತವರೂ ಸೇರಿದ ಮನೆಯೂ ಸುಣ್ಣ ಸುಡುವವರದೇ ಆದ್ದರಿಂದ ಆ ಕುದಿತ ಅವಳಿಗೆ ತೊಟ್ಟಿಲಿನಿಂದಲೇ ಗೊತ್ತು. ನೀರು ಕುಡಿದು ಬಿಸಿ ಬಿಟ್ಟುಕೊಟ್ಟ ಸುಣ್ಣವನ್ನು ಮತ್ತೆ ಕಾಸಿದರೆ ನೀರು ಹಬೆಯಾಗಿ ಹೋಗಿ, ಸುಣ್ಣ ಹಳೆಯ ಹುಮ್ಮಸ್ಸಿಗೆ ಮರಳುತ್ತದೆ. ಕಾಸುವ ಕೆಲಸ ಬಿಸಿಲಿನದು. ಊರಾಚೆಯ ಕರಡಿಗುಡ್ಡದ ಮೇಲೆ ಪುರಸಭೆ ಸಾವಿರ ಕನ್ನಡಿಗಳನ್ನು ನಿಲ್ಲಿಸಿ, ನಡುವೆ ಒಂದು ಗೋಪುರ ಕಟ್ಟಿ, ಗೋಪುರದ ತಲೆಯಲ್ಲಿ ಭಟ್ಟಿ ಇಟ್ಟಿತ್ತು. ಅಲ್ಲಿ ಹುರಿದ ಸುಣ್ಣವನ್ನು ಎರಡು ಪದರದ ಸ್ಟೀಲಿನ ಕೊಡಗಳಿಗೆ ತುಂಬಿ, ದಿನಾ ಮುಂಜಾನೆ ಪುರಸಭೆಯ ಗಾಡಿ ಮನೆಮನೆಗೆ ಕೊಟ್ಟು, ಹಿಂದಿನ ದಿನದ ಕೊಡವನ್ನು ಒಯ್ಯುತ್ತಿತ್ತು. ಕೊಡವನ್ನು ಒಲೆಯಲ್ಲಿ ಕೂಡಿಸಿ ಪಕ್ಕದ ನಲ್ಲಿಯ ಕಿವಿ ತಿರುವಿದರೆ ನೀರು ಹನಿಹನಿಯಾಗಿ ಒಳಗಿಳಿಯುತ್ತದೆ, ಮೇಲಿಟ್ಟ ತವೆ ಕಾಯುತ್ತದೆ. ಹೊಗೆಯಿಲ್ಲ, ಮಸಿಯಿಲ್ಲ.

ಊರಿನ ಹಿತಕ್ಕಾಗಿ ಈ ಯೋಜನೆ ಎಂದು ಶಕುಂತಲಾ ಸಭೆಯಲ್ಲಿ ಹೇಳಿದ್ದಳು. ಅದು ಅರ್ಧ ನಿಜ. ಉಳಿದರ್ಧ ಅವಳ ಅತ್ತೆ ನೀಲವ್ವ.

ನೀಲವ್ವ ಬಿಳಿಕಲ್ಲೂರಿನ ರೊಟ್ಟಿಯ ನೀಲವ್ವ. ನಾಲ್ಕು ಖಾನಾವಳಿಗಳಿಗೆ, ಸರಕಾರಿ ದವಾಖಾನೆಗೆ, ಮದುವೆ ಮುಂಜಿವೆಗಳಿಗೆ ಅವಳ ಮನೆಯದೇ ಜೋಳದ ರೊಟ್ಟಿ. ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳಿ ಓಣಿಯವರು ಎದ್ದು ಹಲ್ಲುಜ್ಜುತ್ತಿದ್ದರು. ನಲವತ್ತು ವರ್ಷ ಕಟ್ಟಿಗೆಯ ಹೊಗೆ ಕುಡಿದ ಎದೆ ಒಂದು ದಿನ ಸಾಕೆಂದಿತು. ಇನ್ನು ಹೊಗೆಯ ಮುಂದೆ ಕೂತರೆ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಕೈಚೆಲ್ಲಿದರು. ಕರೆಂಟಿನ ಒಲೆ ತಂದುಕೊಟ್ಟರೆ ಅದರ ಮೇಲೆ ರೊಟ್ಟಿ ಉಬ್ಬಲಿಲ್ಲ. ಸಂಜೆ ಊರೆಲ್ಲ ಕರೆಂಟಿನ ಒಲೆ ಹಚ್ಚಿದಾಗ ಟ್ರಾನ್ಸ್‌ಫಾರ್ಮರು ಮಾತ್ರ ಉಬ್ಬಿ ಢಂ ಎಂದಿತು. ನೀಲವ್ವ ಎರಡು ವರ್ಷ ಕೈಕಟ್ಟಿ ಕೂತಳು. ಮಾತು ಕಮ್ಮಿಯಾಯಿತು, ಊಟ ಕಮ್ಮಿಯಾಯಿತು, ಬೈಗುಳ ಕೂಡ ಕಮ್ಮಿಯಾಯಿತು. ಮಗ ರಾಮಣ್ಣ ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ವಾರಕ್ಕೊಮ್ಮೆ ಬರುವವನು. ಅವನಿಗದು ಅಷ್ಟು ತಿಳಿಯಲಿಲ್ಲ. ಜೊತೆಯಲ್ಲೇ ಇದ್ದ ಸೊಸೆಗೆ ತಿಳಿಯಿತು. ಬೈಯದ ಅತ್ತೆಯನ್ನು ನೋಡಿ ಅವಳಿಗೆ ಹೆದರಿಕೆಯಾಗಿತ್ತು.

ಸುಣ್ಣದ ಕೊಡ ಮನೆಗೆ ಬಂದ ದಿನ ನೀಲವ್ವ ಮೊದಲ ರೊಟ್ಟಿ ಬಡಿದು ತವೆಗೆ ಹಾಕಿದಳು. ಅದು ಪೂರಿಯ ಹಾಗೆ ಉಬ್ಬಿತು. "ಏ ಶಕ್ಕೂ, ಹಿಟ್ಟ ನಾದಾಕ ಬಾರ, ಎಮ್ಮಿಹಂಗ ನಿಂತಿ," ಎಂದು ಬೈದಳು. ಶಕುಂತಲಾ ಕಣ್ಣೊರೆಸಿಕೊಂಡು ಹಿಟ್ಟಿಗೆ ಕೈಹಾಕಿದಳು.

ಅದಾಗಿ ಒಂದೂವರೆ ವರ್ಷ. ಈಗ ಸುಣ್ಣ ಸಾಯತೊಡಗಿತ್ತು.

ಕರಡಿಗುಡ್ಡದ ನಿಯಂತ್ರಣ ಕೋಣೆಯಲ್ಲಿ ಭಟ್ಟಿಯ ಮೇಲ್ವಿಚಾರಕ ದಾದಾಪೀರ ಪರದೆಯ ಮೇಲಿನ ಗೆರೆಯನ್ನು ಬೆರಳಿಂದ ತೋರಿಸಿದ. "ನೋಡ್ರಿ ಬಾಯಾರ, ಮತ್ತ ಇಳದೈತಿ. ನಮ್ಮ ಮಾವನ ಮನಿಯವರು ನನ್ನ ಮ್ಯಾಲ ಇಟ್ಟ ಮರ್ಯಾದಿ ಹಂಗ, ತಿಂಗಳಾ ತಿಂಗಳಾ ಇಳೀತದ."

ಶಕುಂತಲೆಗೆ ನಗು ಬರಲಿಲ್ಲ. ಕೊಡಕ್ಕೆ ಕೊಟ್ಟಷ್ಟೇ ಸುಣ್ಣ, ಬಿಸಿ ಮಾತ್ರ ತಿಂಗಳಿಂದ ತಿಂಗಳಿಗೆ ಕಮ್ಮಿ. ಭಟ್ಟಿಯಿಂದ ತೆಗೆದ ಒಂದು ಹರಳನ್ನು ಬಟ್ಟಲಿಗೆ ಹಾಕಿ ನೀರು ಹನಿಸಿದಳು. ಚುಂಯ್ ಎನ್ನಬೇಕಾದದ್ದು ಗುಂಡುಕಲ್ಲಿನ ಹಾಗೆ ಸುಮ್ಮನೆ ಕೂತಿತು. ಸುಣ್ಣವನ್ನು ಬೇಕಾದ್ದಕ್ಕಿಂತ ಹೆಚ್ಚು ಸುಟ್ಟರೆ ಹೀಗೆ ಗಟ್ಟಿಯಾಗಿ ನೀರು ಕುಡಿಯುವುದನ್ನೇ ಮರೆಯುತ್ತದೆ. ಸುಣಗಾರರು ಅದಕ್ಕೆ ಸತ್ತ ಸುಣ್ಣ ಎನ್ನುತ್ತಾರೆ. ಆದರೆ ಭಟ್ಟಿಯ ಬಿಸಿ ಒಂದು ಡಿಗ್ರಿಯೂ ಹೆಚ್ಚಾಗಿರಲಿಲ್ಲ. ಕನ್ನಡಿ ಒರೆಸಿದ್ದಾಯಿತು, ಉಷ್ಣಮಾಪಕ ಬದಲಿಸಿದ್ದಾಯಿತು, ಕಲ್ಲಿನ ಗಣಿ ಬದಲಿಸಿ ಹೊಸ ಸುಣ್ಣ ತಂದದ್ದೂ ಆಯಿತು. ಹೊಸದೂ ಸತ್ತಿತು. ಊರಿಂದ ಮರಳಿ ಬರುವ ಸುಣ್ಣದ ತೂಕ ಇರಬೇಕಾದ್ದಕ್ಕಿಂತ ಕಮ್ಮಿ ಇರುತ್ತಿತ್ತು. ಸತ್ತ ಸುಣ್ಣ ನೀರು ಕುಡಿಯುವುದಿಲ್ಲ, ಕುಡಿಯದಿದ್ದರೆ ತೂಕ ಎಲ್ಲಿಂದ ಬರಬೇಕು ಎಂದು ಇಬ್ಬರೂ ಅದನ್ನು ಅಲ್ಲಿಗೇ ಬಿಟ್ಟಿದ್ದರು.

ಸಂಕ್ರಾಂತಿ ಕಳೆದ ವಾರ ಬೆಂಗಳೂರಿನ ಇಂಧನ ಮಂಡಳಿಯಿಂದ ಸುಧೀಂದ್ರ ಕೆದ್ಲಾಯರು ತಪಾಸಣೆಗೆ ಬಂದರು. ಮೂಲ ಉಡುಪಿಯ ಕಡೆಯವರು. ಒಳ್ಳೆಯ ಮನುಷ್ಯ, ಆದರೆ ಒಳ್ಳೆಯತನಕ್ಕೆ ಅವರ ವರದಿಯಲ್ಲಿ ಜಾಗವಿರಲಿಲ್ಲ.

"ನೋಡಿ ಶಕುಂತಲಾ ಅವ್ರೇ," ಎಂದರು. "ಯೋಜನೆ ಚಂದ ಉಂಟು, ನಾನು ಇಲ್ಲ ಅನ್ನುದಿಲ್ಲ. ಆದ್ರೆ ಭಟ್ಟಿಗೆ ಬಿದ್ದ ಬಿಸಿಲಲ್ಲಿ ಒಲೆಗೆ ಎಷ್ಟು ಬಂತು ಅಂತ ಮಂಡಳಿ ಕೇಳ್ತದೆ. ಮುಕ್ಕಾಲು ಪಾಲು ಬರ್ಬೇಕು ಅಂತ ಒಪ್ಪಂದ. ನಿಮ್ಮದು ಅರ್ಧಕ್ಕೆ ಬಂದು ನಿಂತಿದೆ. ಯುಗಾದಿ ಹೊತ್ತಿಗೆ ಇನ್ನೊಮ್ಮೆ ಬರ್ತೇನೆ. ಆಗಲೂ ಹೀಗೇ ಇದ್ರೆ ಕನ್ನಡಿ, ಕೊಡ ಎಲ್ಲ ಬಿಚ್ಚಿ ಬೇರೆ ಊರಿಗೆ ಕೊಡ್ತಾರೆ ಮಾರಾಯ್ರೆ. ನನ್ನ ಕೈಯಲ್ಲಿ ಏನೂ ಇಲ್ಲ."

"ನಿಮ್ಮ ಬೆಂಗಳೂರಿನ ಪ್ರಯೋಗಶಾಲೆಯೊಳಗ ಇದೇ ಸುಣ್ಣ ಸಾವಿರ ಸಲ ಕಾದು ಆರೈತಿ, ಸತ್ತಿಲ್ಲಲ್ರಿ?"

"ಅದೇ ನನಗೂ ಅರ್ಥ ಆಗದ್ದು. ಅಲ್ಲಿ ಸಾಯದ್ದು ಇಲ್ಲಿ ಯಾಕೆ ಸಾಯ್ತದೆ?"

ಪ್ರಶ್ನೆ ಅವಳ ಹಿಂದೆಯೇ ಮನೆಯ ತನಕ ಬಂತು. ಮನೆಯಲ್ಲಿ ಇನ್ನೊಂದು ಕಾದಿತ್ತು. ಹಿತ್ತಲಲ್ಲಿ ಹೊಗೆ ಏಳುತ್ತಿತ್ತು. ಕೊಡದ ಬಿಸಿ ಸಾಲದೆ ದವಾಖಾನೆಯ ರೊಟ್ಟಿ ಅರ್ಧಕ್ಕೆ ನಿಂತಿದ್ದರಿಂದ ನೀಲವ್ವ ಹಳೆಯ ಮೂರು ಕಲ್ಲು ಹೂಡಿ, ಜಾಲಿಕಟ್ಟಿಗೆ ಹಚ್ಚಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತಿದ್ದಳು. ಎರಡು ರೊಟ್ಟಿಗೊಮ್ಮೆ ಕೆಮ್ಮು ಅವಳನ್ನು ಮಡಚಿಹಾಕುತ್ತಿತ್ತು.

ಶಕುಂತಲಾ ತಂಬಿಗೆಯ ನೀರನ್ನು ಬೆಂಕಿಗೆ ಸುರಿದುಬಿಟ್ಟಳು. "ಏನ್ ಹಚ್ಚೀರಿ ಅತ್ತಿ? ಸಾಯಬೇಕಂತ ಮಾಡೀರೇನು?"

"ದವಾಖಾನ್ಯಾಗ ಹಡೆದ ಹೆಣ್ಣಮಕ್ಕಳು ಉಪಾಸ ಕೂಡಬೇಕೇನು? ನಿನ್ನ ಕೊಡ ದಣದೈತಿ. ಅದಕ್ಕೂ ವಯಸ್ಸಾತು, ನನಗೂ ಆತು."

"ಕೊಡಕ್ಕ ವಯಸ್ಸಾಗೂದಿಲ್ಲ. ನಿಮಗೂ ಆಗಿಲ್ಲ. ಒಳಗ ನಡೀರಿ."

ನೀಲವ್ವ ಎದ್ದಳು, ಆದರೆ ಗೋಡೆ ಹಿಡಿದು ಎದ್ದಳು. ಯೋಜನೆ ನಿಂತರೆ ಊರಿಗೆ ಏನಾಗುತ್ತದೆಂದು ವರದಿ ಬರೆಯಬಹುದು. ಈ ಹೆಂಗಸು ಮಾತ್ರ ಕೈಕಟ್ಟಿ ಕೂರುವ ಪೈಕಿಯಲ್ಲ ಎಂದು ಶಕುಂತಲೆಗೆ ಈಗ ಖಾತ್ರಿಯಾಯಿತು. ಒಮ್ಮೆ ಕೂತು ನೋಡಿದ್ದಳು, ಇನ್ನೊಮ್ಮೆ ಕೂರುವುದಿಲ್ಲ. ಹೊಗೆಯ ಮುಂದೆಯೇ ಹೋಗಿ ಕೂತು, ಒಂದು ದಿನ ಏಳುವುದಿಲ್ಲ.

ಮರುದಿನ ಮುಂಜಾನೆ ಗಾಡಿಯ ಗಂಟೆ ಕೇಳಿಸಿದಾಗ ಅಡಿಗೆಮನೆಯಲ್ಲಿದ್ದವಳು ಶಕುಂತಲಾ. ಚಹಾದ ಪಾತ್ರೆ ಇಳಿಸಿ, ನಲ್ಲಿಯ ಕಿವಿ ತಿರುವಿ ಬಂದ್ ಮಾಡಿ, ಕೊಡ ಎತ್ತಿ ಗಾಡಿಯವನ ಕೈಗೆ ಕೊಟ್ಟಳು. ಹೊಸ ಕೊಡ ಇಸಿದುಕೊಂಡು ಹೊಸ್ತಿಲ ತನಕ ಬಂದವಳು ಅಲ್ಲೇ ನಿಂತಳು. ಮರಳಿಸಿದ ಕೊಡ ಇನ್ನೂ ಬಿಸಿಯಿತ್ತು. ಒಳಗೆ ಸುಣ್ಣ ಉಳಿದಿತ್ತು. ಬಂದ್ ಯಾಕೆ ಮಾಡಿದೆ?

ಒಳಗೆ ಹೋಗಿ ಕೇಳಿದಳು. "ಅತ್ತಿ, ಕೊಡ ಕೊಡೂವಾಗ ನೀವು ಬೆಂಕಿ ಪೂರಾ ತೀರಸ್ತೀರೇನು?"

ನೀಲವ್ವ ಅವಳನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. "ಪೂರಾ? ಬರೇ ಕೊಡ ಹ್ಯಾಂಗ ಕೊಡಲಿ? ಮಂದಿ ಮನಿ ಭಾಂಡೆ ಬರಿದು ಕಳಿಸಿದ್ರ ಚೊಲೊ ಅಲ್ಲ. ಒಂದು ರೊಟ್ಟಿ ಬೇಯೂವಷ್ಟರ ಬಿಟ್ಟು ಕಳಸ್ತೀನಿ. ನೀನೂ ಹಂಗ ಮಾಡ್ತೀ ಅಲ್ಲ, ಯಾರರ ಕಲಿಸ್ಯಾರೇನು ನಿನಗ?"

ಯಾರೂ ಕಲಿಸಿರಲಿಲ್ಲ. ಪಕ್ಕದ ಮನೆಯಿಂದ ಹೋಳಿಗೆ ಬಂದ ಡಬ್ಬಿಯನ್ನು ಬರಿದಾಗಿ ಮರಳಿಸಬಾರದು. ಒಂದು ಚೂರು ಬೆಲ್ಲ, ಒಂದು ಹಿಡಿ ಶೇಂಗಾ ಹಾಕಿಯೇ ಕೊಡಬೇಕು. ಬಿಳಿಕಲ್ಲೂರಿನ ಕೈಗಳಿಗೆ ಇದು ಉಸಿರಾಟದ ಹಾಗೆ. ಎಂಜಿನಿಯರಿಂಗ್ ಓದಿದ ಕೈಯನ್ನೂ ಅದು ಬಿಟ್ಟಿರಲಿಲ್ಲ.

ಚಹಾ ಕುಡಿಯದೆ ಗುಡ್ಡ ಹತ್ತಿದಳು. ಅದುವರೆಗೆ ಮರಳಿದ ಕೊಡಗಳನ್ನು ಇಪ್ಪತ್ತರಂತೆ ಒಟ್ಟಿಗೆ ಹೊಂಡಕ್ಕೆ ಸುರಿದು ತೂಗುತ್ತಿದ್ದರು. ಅವತ್ತು ನೂರು ಕೊಡಗಳನ್ನು ಒಂದೊಂದಾಗಿ ತೆರೆಸಿ ನೋಡಿದಳು. ಮೂರರ ಹೊರತು ಎಲ್ಲದರ ತಳದಲ್ಲಿ ನೀರು ಮುಟ್ಟದ ಸುಣ್ಣ ಒಂದೊಂದು ಬೊಗಸೆ ಇತ್ತು. ಪೂರ್ತಿ ತೀರಿದ ಆ ಮೂರು ಯಾರವೆಂದು ದಾದಾಪೀರ ವಿಚಾರಿಸಿಕೊಂಡು ಬಂದ. ಮೂರೂ ಹೊರಗಿಂದ ವರ್ಗವಾಗಿ ಬಂದ, ಒಬ್ಬಂಟಿಯಾಗಿರುವ ನೌಕರರ ಮನೆಯವು.

"ದಾದಾ, ನಾವು ಎಡವೀವಿ," ಎಂದಳು. "ಸುಣ್ಣ ಸತ್ತದ್ದಕ್ಕ ತೂಕ ಕಮ್ಮಿ ಅಂತ ತಿಳದಿದ್ವಿ. ಅಲ್ಲ. ತೂಕ ಕಮ್ಮಿ ಇದ್ದದ್ದಕ್ಕ ಸುಣ್ಣ ಸತ್ತೈತಿ."

ದಾದಾಪೀರನಿಗೆ ಅದು ಒಂದೇ ಏಟಿಗೆ ಇಳಿಯಲಿಲ್ಲ. "ಬಾಯಾರ, ನಿಧಾನಕ್ಕ ಹೇಳ್ರಿ."

"ಇಡ್ಲಿ ಪಾತ್ರಿಯೊಳಗ ನೀರು ಇರೂತನ ಪಾತ್ರಿ ಸೀಯೂದಿಲ್ಲ, ಹೌದಿಲ್ಲೋ? ನೀರು ತೀರಿತಂದ್ರ ಅದೇ ಉರಿಗೆ ತಳ ಹತ್ತತೈತಿ. ಸುಣ್ಣಕ್ಕೂ ಹಂಗ. ಒಳಗ ನೀರು ಇರೂತನ ಎಷ್ಟ ಬಿಸಿಲು ಬಿದ್ರೂ ಅದು ಹದದಾಗ ಇರತೈತಿ. ಈ ಉಳದ ಒಣಾ ಸುಣ್ಣಕ್ಕ ನೀರಿಲ್ಲ. ಹಸೀದು ಬೇಯೂತನ ಇದು ಸುಮ್ಮನ ಸುಟಗೊಂತ ಕೂಡತೈತಿ. ದಿನಾ ಒಂದೊಂದು ಬೊಗಸಿ ಸಾಯತೈತಿ."

"ಹಂಗಾರ ಉರಿ ಇಳಸೂಣು."

"ಇಳಿಸಿದ್ರ ಹಸೀದು ಬೇಯೂದಿಲ್ಲ."

ಪ್ರಯೋಗಶಾಲೆಯಲ್ಲಿ ಸುಣ್ಣ ಯಾಕೆ ಸಾಯಲಿಲ್ಲವೆಂಬುದೂ ಈಗ ತಿಳಿಯಿತು. ಅಲ್ಲಿ ಕೊಡವನ್ನು ಯಾರೂ ಯಾರಿಗೂ ಮರಳಿಸುತ್ತಿರಲಿಲ್ಲ.

ರೋಗ ತಿಳಿದ ಮೇಲೆ ಮದ್ದು ಸುಲಭ ಎಂದುಕೊಂಡರು. ಪುರಸಭೆ ಅಧ್ಯಕ್ಷೆ ಖಾತೂನಬಿ ನದಾಫ ತಮ್ಮದೇ ದನಿಯಲ್ಲಿ ಧ್ವನಿಮುದ್ರಿಸಿ ಗಾಡಿಗೆ ಮೈಕು ಕಟ್ಟಿಸಿದರು: "ಬಿಳಿಕಲ್ಲೂರಿನ ಸಮಸ್ತ ತಾಯಂದಿರಲ್ಲಿ ವಿನಂತಿ. ಕೊಡದ ಬೆಂಕಿ ಪೂರ್ತಿ ತೀರಿಸಿಯೇ ಕೊಡಬೇಕು. ಉಳಿಸಿ ಕೊಟ್ಟರೆ ಭಟ್ಟಿಗೆ ಹಾನಿ." ಸಮಸ್ತ ತಾಯಂದಿರು ಬಾಗಿಲಿಗೆ ಬಂದು ಕೇಳಿದರು, ಹೌದೆಂದು ತಲೆಯಾಡಿಸಿದರು, ಮಾರನೆಯ ದಿನ ಎಂದಿನಂತೆ ಉಳಿಸಿ ಕೊಟ್ಟರು. ನಾನು ಬಿಡುವುದು ಎಷ್ಟರ ಮಹಾ, ಹೆಚ್ಚು ಬಿಡುವವರು ಬೇರೆ ಇದ್ದಾರೆ ಎಂಬುದು ಪ್ರತಿಯೊಬ್ಬಳ ಖಚಿತ ಅಭಿಪ್ರಾಯ. ಸ್ವತಃ ಅಧ್ಯಕ್ಷೆಯ ಮನೆಯ ಕೊಡ ತೆರೆದರೆ ಅದರಲ್ಲೂ ಒಂದು ಬೊಗಸೆ. ಶಕುಂತಲಾ ಅದನ್ನು ತೋರಿಸಿದಾಗ ಖಾತೂನಬಿ ನಾಲಿಗೆ ಕಚ್ಚಿಕೊಂಡರು. "ಗೊತ್ತೈತೆವ್ವಾ ಶಕುಂತಲಾ. ತೀರಸಬೇಕಂತನ ಕೂತಿದ್ದೆ. ಕೈ ತಾನ ಹೋಗಿ ನಳ ಬಂದ್ ಮಾಡತು. ಬರೇ ಕೊಡ ಹೊಸ್ತಲಾ ದಾಟಿಸಾಕ ಮನಸು ಬರೂದಿಲ್ಲ ನೋಡು."

ಆಮೇಲೆ ದಾದಾಪೀರನ ಬುದ್ಧಿ ಓಡಿತು. ಕೊಡವನ್ನು ಒಲೆಯಿಂದ ಎತ್ತಿದ ಕೂಡಲೇ ತಾನೇ ತೆರೆದುಕೊಂಡು ಉಳಿದ ಸುಣ್ಣಕ್ಕೆ ನೀರು ಬಿಡುವ ಒಂದು ಪುಟ್ಟ ಬಾಯಿಯನ್ನು ಮಾಡಿ, ಒಂದು ಓಣಿಯ ಕೊಡಗಳಿಗೆ ಕೂಡಿಸಿದ. ವಾರ ಕಳೆದು ನೋಡಿದರೆ ಆ ಬಾಯಿಗಳಿಗೆಲ್ಲ ಜೋಳದ ಹಿಟ್ಟಿನ ಮುದ್ದೆ ಮೆತ್ತಿ ಬಂದ್ ಮಾಡಿದ್ದರು. ಹಿಟ್ಟು ಒಣಗಿ ಸಿಮೆಂಟಿನಂತಾಗಿತ್ತು. ದಾದಾಪೀರ ಉಳಿ ಹಿಡಿದು ಕೆತ್ತುತ್ತ, "ನಾವು ಒಂದು ಓದಿದ್ರ ಇವರು ಹತ್ತು ಓದ್ಯಾರ್ರೀ," ಎಂದ. ಕೋಪದಲ್ಲೂ ಅವನ ದನಿಯಲ್ಲಿ ಅಭಿಮಾನವಿತ್ತು.

ಮಾಘ ಮುಗಿಯುತ್ತ ಬಂತು. ಒಲೆಗಳು ದಿನದಿನಕ್ಕೆ ತಣ್ಣಗಾಗುತ್ತಿದ್ದವು. ಸೊಸೆ ಕಚೇರಿಗೆ ಹೋದ ಹೊತ್ತಿನಲ್ಲಿ ನೀಲವ್ವ ಕಟ್ಟಿಗೆ ಹಚ್ಚುತ್ತಾಳೆಂಬುದು ಅವಳ ಸೆರಗಿನ ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಶಕುಂತಲಾ ಬೈದಳು, ಬೇಡಿಕೊಂಡಳು, ಒಂದು ದಿನ ಊಟ ಬಿಟ್ಟು ಕೂತಳು. ನೀಲವ್ವ ಅವಳ ತಟ್ಟೆಗೆ ರೊಟ್ಟಿ ಮುರಿದು ಹಾಕಿ, "ನೀ ಉಂಡ್ರ ನಾ ಬಿಡ್ತೀನಿ," ಎಂದಳು. ಉಂಡಳು. ನೀಲವ್ವ ಬಿಡಲಿಲ್ಲ.

ಒಂದು ಭಾನುವಾರ ಪಕ್ಕದ ಮನೆಯ ಕಸ್ತೂರೆವ್ವ ಶೇಂಗಾ ಹೋಳಿಗೆ ಕಳಿಸಿದ್ದ ಡಬ್ಬಿಯನ್ನು ನೀಲವ್ವ ತೊಳೆದು ಇಟ್ಟಿದ್ದಳು. ಮರಳಿಸುವಾಗ ಸಕ್ಕರೆ ಡಬ್ಬಿ ತಡವಿದಳು, ಮುಗಿದಿತ್ತು. ಬೆಲ್ಲಕ್ಕೆ ಇರುವೆ ಹತ್ತಿತ್ತು. ಹಿತ್ತಲಿಗೆ ಹೋಗಿ ಕರಿಬೇವಿನ ನಾಲ್ಕು ಎಸಳು ಕಿತ್ತು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

ನೋಡುತ್ತ ಕೂತಿದ್ದ ಶಕುಂತಲಾ ನಕ್ಕಳು. "ಹೋಳಿಗಿಗೆ ಕರಿಬೇವು ಸಮ ಏನತ್ತಿ?"

"ಸಮ ಯಾರ ಕೇಳ್ಯಾರ? ಬಂದದ್ದ ತಿರುಗಿ ಕೊಡಾಕ ಇದೇನು ಸಾಲ ಏನು? ಡಬ್ಬಿ ಬರಿದು ಹೋಗಬಾರದು, ಅಷ್ಟ."

ಶಕುಂತಲೆಯ ನಗು ನಿಂತಿತು. ಏನಾದರೂ ಸರಿ, ಬರಿದು ಹೋಗಬಾರದು, ಅಷ್ಟೇ. ಇಷ್ಟು ದಿನ ಊರಿನ ಹೆಂಗಸರಿಗೆ ತಾನು ಹೇಳುತ್ತಿದ್ದದ್ದು ಪಾತ್ರೆ ಬರಿದು ಮಾಡಿ ಎಂದು. ಭಟ್ಟಿಗೆ ಬೇಕಾದದ್ದು ಸುಣ್ಣ ತೀರುವುದು ಮಾತ್ರ. ಪಾತ್ರೆ ಬರಿದಾಗಬೇಕೆಂದು ಯಾವ ವಿಜ್ಞಾನವೂ ಕೇಳಿರಲಿಲ್ಲ.

"ಅತ್ತಿ," ಎಂದಳು ಮೆಲ್ಲಗೆ, "ಕೊಡದ ಮುಚ್ಚಳದ ಮ್ಯಾಲ ಒಂದು ಸಣ್ಣ ಬಟ್ಟಲ ಕೂಡಿಸಿ ಕೊಟ್ರ? ಅದರಾಗ ನಿಮಗ ತಿಳದದ್ದು ಹಾಕ್ರಿ. ಒಂದು ಕಾಳು ಹಾಕ್ರಿ, ಕರಿಬೇವು ಹಾಕ್ರಿ. ಹಂಗ ಮಾಡಿದ್ರ ಒಳಗಿನ ಬೆಂಕಿ ಪೂರಾ ತೀರಸ್ತೀರೇನು?"

ನೀಲವ್ವ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತಿ ನೋಡಿದಳು. ಇಂಥ ವಿಷಯಗಳಲ್ಲಿ ಅವಳು ಅವಸರದ ಹೆಂಗಸಲ್ಲ. ಕೊನೆಗೆ, "ಬಟ್ಟಲಕ್ಕ ಮುಚ್ಚಳ ಇರಲಿ," ಎಂದಳು. "ಇರಿವಿ ಹತ್ತತಾವ."

ಅದೇ ಒಪ್ಪಿಗೆ. ಊರಿನ ಕಂಚುಗಾರರ ಓಣಿಯಲ್ಲಿ ಮರುದಿನದಿಂದಲೇ ಟಣಟಣ ಸದ್ದು ಶುರುವಾಯಿತು. ಅಂಗೈಯಗಲದ ಮುಚ್ಚಳದ ಬಟ್ಟಲು, ಒಂದೊಂದು ಕೊಡಕ್ಕೆ ಒಂದೊಂದು. ಇತ್ತ ಶಕುಂತಲಾ ಗುಡ್ಡದ ಕೆಳಗೆ ಹೊಂಡ ತೋಡಿಸಿ ಸತ್ತ ಸುಣ್ಣವನ್ನೆಲ್ಲ ಬಿಸಿನೀರಿನಲ್ಲಿ ನೆನೆಹಾಕಿಸಿದಳು. ಸತ್ತ ಸುಣ್ಣ ಎನ್ನುತ್ತಾರೆಯೇ ಹೊರತು ಅದು ಪೂರ್ತಿ ಸತ್ತಿರುವುದಿಲ್ಲ, ಗೊರಕೆ ಹೊಡೆಯುತ್ತಿರುತ್ತದೆ. ವಾರಗಟ್ಟಲೆ ನೀರಲ್ಲಿ ಬಿಟ್ಟರೆ ಒಂದೊಂದೇ ಹರಳು ಬಿರಿದು ಏಳುತ್ತದೆ. ಅವಳ ಅಜ್ಜ ಅದಕ್ಕೆ ಸುಣ್ಣ ಎಬ್ಬಿಸುವುದು ಎನ್ನುತ್ತಿದ್ದ. ಬಟ್ಟಲಿನ ಸುದ್ದಿಯನ್ನು ಹರಡುವ ಕೆಲಸಕ್ಕೆ ಈ ಸಲ ಮೈಕು ಕಟ್ಟಲಿಲ್ಲ. ನೀಲವ್ವ ಮತ್ತು ಅವಳ ಜೊತೆ ರೊಟ್ಟಿ ಬಡಿಯುವ ಹೆಂಗಸರು ನೀರಿನ ನಲ್ಲಿಯ ಹತ್ತಿರ ನಾಲ್ಕು ಮಾತಾಡಿದರು, ಸಾಕಾಯಿತು.

ಯುಗಾದಿಗೆ ಮೂರು ದಿನ ಇರುವಾಗ ಕೆದ್ಲಾಯರು ಬಂದಿಳಿದರು. ಬಟ್ಟಲಿನ ಕೊಡಗಳು ಊರಿಗೆಲ್ಲ ಹೋಗಿದ್ದದ್ದು ಹಿಂದಿನ ದಿನವಷ್ಟೇ. ಏನು ಮರಳಿ ಬರುತ್ತದೆಂದು ಶಕುಂತಲೆಗೂ ಗೊತ್ತಿರಲಿಲ್ಲ. ಗಾಡಿಗಳು ಗುಡ್ಡ ಹತ್ತುವುದನ್ನು ಕಿಟಕಿಯಿಂದ ನೋಡುತ್ತ ನಿಂತಳು. ಎದೆಯಲ್ಲಿ ಇದ್ದದ್ದು ಮುಕ್ಕಾಲು ಪಾಲಿನ ಲೆಕ್ಕವಲ್ಲ. ಗೋಡೆ ಹಿಡಿದು ಎದ್ದ ಆ ಮುದುಕಿ.

ದಾದಾಪೀರ ಮೊದಲ ಕೊಡದ ಬಟ್ಟಲು ತೆರೆದ. ಒಂದು ಹಿಡಿ ಜೋಳ. ಒಳಗೆ ಕೈಹಾಕಿ ಸುಣ್ಣ ತೆಗೆದ. ಬೂದಿಯಂತೆ ನುಣ್ಣನೆಯ, ನೀರು ಕುಡಿದು ತಣಿದ ಹಿಟ್ಟು; ತಳದಲ್ಲಿ ಒಂದು ಹರಳೂ ಇಲ್ಲ. ಎರಡನೆಯದರಲ್ಲಿ ಬೆಲ್ಲ. ಮೂರನೆಯದರಲ್ಲಿ ಎರಡು ಒಣಮೆಣಸಿನಕಾಯಿ. ಆಮೇಲೆ ಲಿಂಬೆಹಣ್ಣು, ಶೇಂಗಾ, ಅಡಿಕೆ ಹೋಳು, ಕುಂಕುಮದ ಪೊಟ್ಟಣ, ಒಂದು ಬಟ್ಟಲಲ್ಲಿ ಪೆಪ್ಪರಮಿಂಟು. ಸುಣ್ಣ ಎಲ್ಲದರಲ್ಲೂ ತೀರಿತ್ತು. ಸುರಿದು ತೂಗಿದಾಗ ತಕ್ಕಡಿಯ ಮುಳ್ಳು ಮೊದಲ ಸಲ ಇರಬೇಕಾದ ಜಾಗಕ್ಕೇ ಹೋಗಿ ನಿಂತಿತು. ಶಕುಂತಲಾ ಗೋಡೆಯ ಕಡೆ ತಿರುಗಿ ಸ್ವಲ್ಪ ಹೊತ್ತು ಅತ್ತಳು. ದಾದಾಪೀರ ನೋಡದವನಂತೆ ಯಂತ್ರದ ಗುಂಡಿಗಳನ್ನು ಒರೆಸಿದ.

ಇಡೀ ದಿನ ಕನ್ನಡಿಗಳು ಬಿಸಿಲನ್ನು ಗೋಪುರಕ್ಕೆ ಎಸೆದವು. ಸಂಜೆ ಭಟ್ಟಿಯಿಂದ ತೆಗೆದ ಹರಳಿಗೆ ಕೆದ್ಲಾಯರೇ ನೀರು ಹನಿಸಿದರು. ಚುಂಯ್ ಎಂದು ಹಬೆ ಎದ್ದು ಅವರ ಕನ್ನಡಕ ಮಂಜಾಯಿತು. ಮಾಪಕ ನೋಡಿದರು, ಲೆಕ್ಕ ಹಾಕಿದರು, ಮತ್ತೊಮ್ಮೆ ಹಾಕಿದರು. "ಐದರಲ್ಲಿ ನಾಲ್ಕು ಪಾಲು," ಎಂದರು. "ಬೆಂಗಳೂರಲ್ಲೂ ಇಷ್ಟು ಬಂದಿರ್ಲಿಲ್ಲ ಮಾರಾಯ್ರೆ. ಇನ್ನು ಈ ಕೊಡಗಳನ್ನು ಯಾರೂ ಮುಟ್ಟುದಿಲ್ಲ, ನಾನು ಬರೆದು ಕೊಡ್ತೇನೆ." ಆಮೇಲೆ ಮೂಲೆಯಲ್ಲಿ ರಾಶಿ ಬಿದ್ದಿದ್ದ ಕಾಳುಕಡಿಯ ಕಡೆ ನೋಡಿದರು. "ಇದನ್ನು ಎಂತ ಮಾಡ್ತೀರಿ?"

ಅದನ್ನು ಯಾರೂ ಯೋಚಿಸಿರಲಿಲ್ಲ. ಅಂಗನವಾಡಿಗೆ ಕೊಡೋಣ ಎಂದು ಶಕುಂತಲಾ ಅಂದಳು. ದಾದಾಪೀರ ಹೊಸ ಸುಣ್ಣ ತುಂಬಿದ ಕೊಡಗಳ ಮುಂದೆ ಕೈಕಟ್ಟಿ ನಿಂತುಬಿಟ್ಟಿದ್ದ.

"ಏನಾತು ದಾದಾ? ಗಾಡಿ ತುಂಬಸು."

"ಹ್ಯಾಂಗ ತುಂಬಸಲಿ ಬಾಯಾರ? ಅವರು ಬಟ್ಟಲ ತುಂಬಿ ಕಳಿಸ್ಯಾರ. ಮುನಸಿಪಾಲ್ಟಿ ಅದನ್ನ ಬರಿದು ಮಾಡಿ ತಿರುಗಿ ಕಳಸೂದಂದ್ರ... ನಮಗರ ಮಾನ ಬ್ಯಾಡೇನು?"

"ಒಳಗ ಬೆಂಕಿ ಕೊಟ್ಟೇವಲ್ಲೋ."

"ಅದು ಅವರದ ಬಿಸಲು, ಅವರದ ಸುಣ್ಣ. ನಾವು ಏನ್ ಕೊಟ್ಟಂಗಾತು?"

ಕೆದ್ಲಾಯರು ಒಮ್ಮೆ ಇವನ ಮುಖ, ಒಮ್ಮೆ ಅವಳ ಮುಖ ನೋಡಿದರು. ದಾದಾಪೀರ ಹೇಳಿದ್ದು ಸರಿಯೆಂದು ಶಕುಂತಲೆಗೂ ಅನ್ನಿಸಿತು. ಕೊನೆಗೆ ಮೂವರೂ ರಾಶಿಯ ಸುತ್ತ ಕೂತರು. ಒಂದು ಮನೆಯ ಜೋಳ ಇನ್ನೊಂದು ಮನೆಯ ಬಟ್ಟಲಿಗೆ, ಆ ಮನೆಯ ಬೆಲ್ಲ ಮತ್ತೊಂದಕ್ಕೆ. ಪೆಪ್ಪರಮಿಂಟನ್ನು ಯಾವ ಬಟ್ಟಲಿಗೆ ಹಾಕಬೇಕೆಂದು ಮಂಡಳಿಯ ಅಧಿಕಾರಿ ಬಹಳ ಹೊತ್ತು ವಿಚಾರ ಮಾಡಿದರು.

ಮರುದಿನ ಮುಂಜಾನೆ ನೀಲವ್ವ ಹೊಸ ಕೊಡ ಇಳಿಸಿಕೊಂಡು ಬಟ್ಟಲು ತೆರೆದಳು. ಎರಡು ಖರ್ಜೂರ ಇದ್ದವು.

"ಶಕ್ಕೂ, ಇವು ಯಾರ ಮನ್ಯಾವ?"

"ಗೊತ್ತಿಲ್ಲತ್ತಿ. ಊರಾಗಿಂದು ಯಾವದೋ ಮನಿ."

"ಗೊತ್ತಿಲ್ಲಂದ್ರ ಹ್ಯಾಂಗ? ನಾ ಹಾಕಿದ್ದು ಎಲ್ಲಿ ಹೋಗತೈತಿ?"

"ಅದೂ ಗೊತ್ತಾಗೂದಿಲ್ಲ."

ನೀಲವ್ವ ಒಂದು ಖರ್ಜೂರ ಸ್ವತಃ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಸೊಸೆಯ ಬಾಯಿಗೆ ತುರುಕಿದಳು. ಬೀಜ ಚೀಪುತ್ತ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇಷ್ಟು ವರ್ಷ ಅವಳು ಡಬ್ಬಿಗೆ ಹಾಕಿ ಕಳಿಸಿದ್ದೆಲ್ಲ ಹೆಸರು ಗೊತ್ತಿದ್ದ, ಮುಖ ಗೊತ್ತಿದ್ದ, ಜಗಳವೂ ಆಡಿದ್ದ ಮನೆಗಳಿಗೆ. ಆಮೇಲೆ ನಲ್ಲಿಯ ಕಿವಿ ತಿರುವಿ ತವೆ ಕಾಸಲಿಟ್ಟಳು. ಖಾನಾವಳಿಯ ರೊಟ್ಟಿ ಮುಗಿದವು, ದವಾಖಾನೆಯವು ಮುಗಿದವು. ಬೆಂಕಿ ಇನ್ನೂ ಸ್ವಲ್ಪ ಉಳಿದಿತ್ತು. ಅವಳು ನಲ್ಲಿ ಬಂದ್ ಮಾಡಲಿಲ್ಲ. ಒಂದು ಚಿಕ್ಕ ಉಂಡೆ ಹಿಟ್ಟು ತೆಗೆದುಕೊಂಡು ಬಟ್ಟಲಿನ ಅಗಲಕ್ಕೆ ಅಂಗೈಯಲ್ಲೇ ತಟ್ಟತೊಡಗಿದಳು.

"ಖಾರದ ಪುಡಿ ಕೊಡಲೇನತ್ತಿ?" ಎಂದು ಶಕುಂತಲಾ ಕೇಳಿದಳು.

"ಬ್ಯಾಡ," ಎಂದಳು ನೀಲವ್ವ. "ಯಾರ ಮನಿಗೆ ಹೋಗತೈತೋ ಏನೋ. ಸಣ್ಣ ಹುಡುಗರಿದ್ರ ಬಾಯಿ ಉರೀತೈತಿ. ಬೆಲ್ಲದ ಪುಡಿ ಕೊಡು."